ಕುಡಿತ ಬಿಡಿಸುವ ಚಿಕಿತ್ಸೆಗೆ ವಿಮೆ ಸಿಗುತ್ತಾ?

ಪಾಲಿಸಿಯಲ್ಲಿ ಮಾನಸಿಕ ಕಾಯಿಲೆಗೆ ರಕ್ಷಣೆ ಇದೆ, ಹಾಗಾದರೆ ನಿಮ್ಮ ಭಾವನ ಕುಡಿತ ಬಿಡಿಸುವ ಚಿಕಿತ್ಸೆಗೂ ಹಣ ಬರುತ್ತಾ ಅಂತ ಕೇಳಿದ್ದೀರಿ. ಅದೊಂದನ್ನೇ ನಂಬಿಕೊಂಡು ಅಡ್ಮಿಟ್ ಮಾಡಬೇಡಿ. ಪಾಲಿಸಿಯಲ್ಲಿ ‘ಎಕ್ಸ್‌ಕ್ಲೂಷನ್ 12’ ಇದೆಯಾ ಮೊದಲು ನೋಡಿ. 2019ರಲ್ಲಿ ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ರೀತಿ ಬರೆದುಕೊಟ್ಟ ಷರತ್ತು ಅದು: ಮದ್ಯ, ಡ್ರಗ್ಸ್ ಚಟದ ಚಿಕಿತ್ಸೆಗೂ ಅದರ ಪರಿಣಾಮಗಳಿಗೂ ಹಣ ಇಲ್ಲ. ಈ ‘ಪರಿಣಾಮ’ದ್ದೇ ಜಾಸ್ತಿ ಕಾಟ. ಕುಡಿತದಿಂದ ಲಿವರ್ ಕೆಟ್ಟಿದ್ದರೆ ಆ ಕ್ಲೇಮೂ ಸಿಕ್ಕಿಹಾಕಿಕೊಳ್ಳಬಹುದು.

ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಡ್ರಗ್ಸ್ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ತೊಂದರೆಗಳನ್ನೂ ಮಾನಸಿಕ ಕಾಯಿಲೆಯಲ್ಲೇ ಸೇರಿಸಿದೆ. ಸೆಕ್ಷನ್ 21(4) ಪ್ರಕಾರ ಮೈಯ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಒಂದಕ್ಕೊಂದು ತಾಳೆಯಾಗಲ್ಲ, ಅಲ್ವಾ? ನಿಮ್ಮ ವಾದಕ್ಕೆ ಜಾಗ ಇರುವುದು ಅಲ್ಲೇ.

ಏಜೆಂಟ್ ಬಾಯಿಮಾತು ಬೇಡ, ಕಂಪನಿಗೆ ಇಮೇಲ್ ಹಾಕಿ ಕೇಳಿ. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲೇ ತಗೊಂಡು ಕಂಪನಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು, ಶುಲ್ಕ ಇಲ್ಲ. ಆಫೀಸಿನ ಗ್ರೂಪ್ ಪಾಲಿಸಿಯಾದರೆ ಎಚ್‌ಆರ್ ಹತ್ತಿರವೂ ವಿಚಾರಿಸಿ, ಅಲ್ಲಿ ಷರತ್ತು ಬೇರೆ ಇರಬಹುದು. ಅಷ್ಟರವರೆಗೆ ಚಿಕಿತ್ಸೆ ನಿಲ್ಲಿಸಬೇಡಿ, ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವುದಕ್ಕೇ ಪ್ರತ್ಯೇಕ ವಿಭಾಗ ಇದೆ.