ನಾನು ‘ಬೀಟಾ’ ಸ್ವಭಾವದವನೇ? ‘ಆಲ್ಫಾ’ ಆಗಲು ಏನು ಮಾಡಬೇಕು?

ಹಾಸ್ಟೆಲ್ಲಿನ ಗೆಳೆಯರು ನಿಮ್ಮನ್ನು ‘ಬೀಟಾ’ (ಅಂದರೆ ಮುಂದಾಳು ‘ಆಲ್ಫಾ’ನ ಎದುರು ಅಳುಕಿ ಹಿಂದೆ ಸರಿಯುವವನು) ಎಂದು ಕರೆಯುತ್ತಾರೆಂದೂ, ನಾಲ್ಕು ಜನರ ನಡುವೆ ಬಾಯಿ ತೆರೆಯಲು ನಿಮಗೆ ಆಗುವುದಿಲ್ಲವೆಂದೂ, ಮನೆಯಲ್ಲಿ ತಂಗಿಗೆ ಗಣಿತ ಹೇಳಿಕೊಡುವಾಗ ಮಾತ್ರ ಧೈರ್ಯ ಬರುತ್ತದೆಂದೂ ಬರೆದಿದ್ದೀರಿ. ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಬೋಧಿಸುವ ನನಗೆ ತರಗತಿಯಲ್ಲೂ ಇದೇ ಪ್ರಶ್ನೆ ಎದುರಾಗುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಪ್ರಾಣಿಗಳ ಅಧ್ಯಯನದಲ್ಲಿ ಆಲ್ಫಾ ಎಂದರೆ ಒಂದು ನಿರ್ದಿಷ್ಟ ಗುಂಪಿನೊಳಗೆ ಒಂದು ಪ್ರಾಣಿಗಿರುವ ಎಲ್ಲಕ್ಕಿಂತ ಮೇಲಿನ ಸ್ಥಾನ. ಅದನ್ನು ಹುಟ್ಟುಗುಣದ ಹೆಸರಾಗಿ ಬಳಸುವುದು ತಪ್ಪು.

ಈ ಅಧ್ಯಯನ ಮೊದಲಾದದ್ದು ಕೋಳಿಗಳಿಂದ. ನಾರ್ವೆಯ ಷೆಲ್ಡರಪ್-ಎಬ್ಬೆ ಎಂಬವರು ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ, ಯಾವುದಕ್ಕೆ ದಾರಿ ಬಿಡುತ್ತದೆ ಎಂಬುದನ್ನು ಗಮನಿಸಿ ಬರೆದಿಟ್ಟು, 1920ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ನಾಟಿ ಕೋಳಿ ಸಾಕಿದವರಿಗೆ ಇದು ಕಂಡದ್ದೇ. ನಮ್ಮ ಅಜ್ಜಿಯ ಹಿತ್ತಿಲಲ್ಲಿ ರಾಗಿ ಚೆಲ್ಲಿದೊಡನೆ ನುಗ್ಗಿ ಬಂದು, ಉಳಿದವುಗಳ ತಲೆಗೆ ಕುಕ್ಕಿ ಓಡಿಸುತ್ತಿದ್ದ ಕಂದು ಹೇಂಟೆಯೊಂದನ್ನು ಚಿಕ್ಕಮ್ಮನ ಮನೆಗೆ ಕೊಟ್ಟಾಗ, ಅಲ್ಲಿನ ಕೋಳಿಗಳೆಲ್ಲ ತಿಂದು ಸರಿಯುವವರೆಗೆ ಅದು ಬೇಲಿಯ ಬುಡದಲ್ಲಿ ಕತ್ತು ಕುಗ್ಗಿಸಿ ನಿಂತಿದ್ದನ್ನು ನಾನೇ ನೋಡಿದ್ದೇನೆ. ಕೋಳಿ ಅದೇ, ಹಿಂಡು ಬೇರೆ.

ಇನ್ನು ತೋಳಗಳ ವಿಷಯ. ತೋಳಗಳು ಮೇಲಿನ ಸ್ಥಾನಕ್ಕಾಗಿ ತಮ್ಮತಮ್ಮಲ್ಲೇ ಕಾದಾಡುತ್ತವೆ ಎಂದು ಶೆಂಕೆಲ್ ಎಂಬ ವಿಜ್ಞಾನಿ 1947ರಲ್ಲಿ ಪ್ರಕಟಿಸಿದ ವಿವರಣೆಗೆ ಆಧಾರವಾಗಿದ್ದುದು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳು. ತಪ್ಪಿಸಿಕೊಂಡು ಹೋಗಲು ಜಾಗವಿಲ್ಲದ ಕಡೆ ಕಾದಾಟ ಹೆಚ್ಚುವುದು ಸಹಜ. ಆಲ್ಫಾ ತೋಳದ ಕಲ್ಪನೆಯನ್ನು ಜನರಿಗೆ ತಲುಪಿಸಿದ್ದು ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ 1970ರಲ್ಲಿ ಬರೆದ ಪುಸ್ತಕ. ಆದರೆ ಅವರೇ 1986ರಿಂದ ಹಲವು ಬೇಸಿಗೆಗಳನ್ನು ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ, ಕಾಡು ತೋಳಗಳ ಗವಿಯ ಸಮೀಪದಲ್ಲೇ ಕಳೆದಾಗ ಕಂಡದ್ದು ಒಂದು ಸಂಸಾರ: ತಂದೆ, ತಾಯಿ, ಅವುಗಳ ಮಕ್ಕಳು. ಬೇಟೆಯಿಂದ ಮರಳಿದ ತೋಳದ ಬಾಯಿಯನ್ನು ಮರಿಗಳು ಮುತ್ತಿ ನೆಕ್ಕುತ್ತವೆ. ಅದು ಹೊಟ್ಟೆಯಲ್ಲಿ ಹೊತ್ತು ತಂದ ಮಾಂಸವನ್ನು ಅವುಗಳ ಮುಂದೆ ಕಕ್ಕಿ ಕೊಡುತ್ತದೆ. ನಿಮ್ಮ ಗೆಳೆಯರು ಹೇಳುವ ‘ಆಲ್ಫಾ’ ಎಂದರೆ ಈ ಸಂಸಾರದ ತಂದೆ ತೋಳವೇ. ಮೆಕ್ 1999ರಲ್ಲಿ ಈ ತಿದ್ದುಪಡಿಯನ್ನು ಪ್ರಕಟಿಸಿದ್ದಲ್ಲದೆ, ತಮ್ಮ ಹಳೆಯ ಪುಸ್ತಕದ ಮುದ್ರಣವನ್ನು ನಿಲ್ಲಿಸುವಂತೆ ಪ್ರಕಾಶಕರನ್ನೂ ಕೇಳಿಕೊಂಡರು. ತಾನು ಬರೆದದ್ದನ್ನು ತಾನೇ ಹಿಂತೆಗೆದುಕೊಳ್ಳುವ ಈ ಪ್ರಾಮಾಣಿಕತೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಯಾರ ಹಂಗೂ ಇಲ್ಲದ ಒಂಟಿ ತೋಳವೆಂದು ರೀಲ್ಸ್‌ಗಳಲ್ಲಿ ಮೆರೆಯುವ ‘ಸಿಗ್ಮಾ’ಗಂತೂ ಪ್ರಾಣಿಶಾಸ್ತ್ರದಲ್ಲಿ ನೆಲೆಯೇ ಇಲ್ಲ, ಒಂಟಿ ತೋಳ ಸಾಮಾನ್ಯವಾಗಿ ಹೆತ್ತವರನ್ನು ಬಿಟ್ಟು ಜೋಡಿಯನ್ನು ಹುಡುಕಲು ಹೊರಟ ಎಳೆಯ ತೋಳ.

ಚಿಂಪಾಂಜಿಗಳಲ್ಲಿ ಆಲ್ಫಾ ಸ್ಥಾನ ಇರುವುದು ನಿಜ. ಆದರೆ ಅಲ್ಲಿಯೂ ಮೈಬಲವೊಂದೇ ಸಾಲದು, ಜೊತೆಗಾರರ ಬೆಂಬಲ ಬೇಕು ಎಂಬುದನ್ನು ಚಿಂಪಾಂಜಿಗಳನ್ನು ಅಧ್ಯಯನ ಮಾಡಿದ ವಿಜ್ಞಾನಿ ಫ್ರಾನ್ಸ್ ಡಿ ವಾಲ್ ತೋರಿಸಿಕೊಟ್ಟಿದ್ದಾರೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ತಂಗಿಯ ಎದುರು ತಡೆಯಿಲ್ಲದೆ ಲೆಕ್ಕ ಬಿಡಿಸಿ ಹೇಳುವವರೂ, ಹಾಸ್ಟೆಲ್ಲಿನಲ್ಲಿ ಸುಮ್ಮನಾಗುವವರೂ ನೀವೇ. ಮುಂದಿನ ಪರೀಕ್ಷೆಗೆ ಮುನ್ನ ಆ ಗೆಳೆಯರಲ್ಲಿ ಗಣಿತ ಕಷ್ಟವಾಗಿರುವ ಒಬ್ಬರ ಪಕ್ಕ ಕುಳಿತು, ತಂಗಿಗೆ ಹೇಳಿಕೊಡುವಂತೆಯೇ ಒಂದು ಲೆಕ್ಕವನ್ನು ಹೇಳಿಕೊಟ್ಟು ನೋಡಿ.