ಅಪ್ಪನ ಒಂಬತ್ತು ಗುಳಿಗೆ

ಪ್ರಶ್ನೆ: ನಮ್ಮ ಅಪ್ಪಗೆ 74 ವರ್ಷ. ಬಿಪಿ, ಶುಗರ್, ಮೊಣಕಾಲು ನೋವು ಇದೆ. ಹಾವೇರಿಯಲ್ಲಿ ಒಬ್ಬರು, ಹುಬ್ಬಳ್ಳಿಯಲ್ಲಿ ಇಬ್ಬರು ಡಾಕ್ಟರ್ ನೋಡುತ್ತಾರೆ. ದಿನಕ್ಕೆ 9 ಗುಳಿಗೆ. ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಅಮ್ಲೋಡಿಪಿನ್ ಶುರು ಮಾಡಿದ ಮೇಲೆ ಪಾದ ಬಾತವು. ಬಾವು ಇಳಿಯಲಿ ಅಂತ ಇನ್ನೊಬ್ಬರು ಮೂತ್ರ ಹೋಗುವ ಗುಳಿಗೆ ಬರೆದರು. ಈಗ ಎದ್ದು ನಿಂತರೆ ತಲೆ ತಿರುಗುತ್ತದೆ. ಹೋದ ವಾರ ಬಚ್ಚಲಮನೆಯಲ್ಲಿ ಬಿದ್ದರು. ವಯಸ್ಸಾಯಿತು ಅಂತ ಸುಮ್ಮನಿರಬೇಕೇ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ಸುಮ್ಮನಿರಬೇಡಿ. ಬಿದ್ದಾಗ ತಲೆಗೆ ಪೆಟ್ಟಾಗಿದ್ದು, ರಕ್ತ ತೆಳುವಾಗುವ ಗುಳಿಗೆ ನಡೆದಿದ್ದರೆ ಇವತ್ತೇ ತೋರಿಸಿ.

ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಅಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಪಾದ ಬಾಯುತ್ತದೆ. ಸಣ್ಣ ರಕ್ತನಾಳ ಹಿಗ್ಗಿ ನೀರು ಹೊರಗೆ ಜಿನುಗುವುದರಿಂದ ಆಗುವ ಬಾವು ಅದು. ಮೈಯಲ್ಲಿ ನೀರು ಜಾಸ್ತಿಯಾಗಿ ಬಂದದ್ದಲ್ಲ. ಹಾಗಾಗಿ ಮೂತ್ರದ ಗುಳಿಗೆಗೆ ಅದು ಅಷ್ಟಾಗಿ ಇಳಿಯುವುದಿಲ್ಲ. ಬದಲಿಗೆ ನೀರು, ಉಪ್ಪಿನಂಶ ಹೋಗಿ, ನಿಂತಾಗ ಬಿಪಿ ಕುಸಿಯುತ್ತದೆ. ಒಂದು ಗುಳಿಗೆಯ ತೊಂದರೆಗೆ ಇನ್ನೊಂದು ಗುಳಿಗೆ! ವಯಸ್ಸಾದವರಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ, ಸಂಕಟವಾಗುತ್ತದೆ. ಹೃದಯ, ಕಿಡ್ನಿ ಸರಿ ಇವೆಯೇ ಅಂತ ಮೊದಲು ನೋಡಬೇಕು. ಸರಿ ಇದ್ದರೆ ಡಾಕ್ಟರು ಅಮ್ಲೋಡಿಪಿನ್ ಕಡಿಮೆ ಮಾಡಬಹುದು, ಬದಲಿಸಲೂಬಹುದು.

ಮೊಣಕಾಲಿಗೆ ಯಾವ ಗುಳಿಗೆ ಅಂತ ಬರೆದಿಲ್ಲ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಆಗಿದ್ದರೆ ಕೂಡಲೇ ಡಾಕ್ಟರಿಗೆ ತಿಳಿಸಿ. ಟೆಲ್ಮಿಸಾರ್ಟನ್, ಮೂತ್ರದ ಗುಳಿಗೆ, ಈ ನೋವಿನ ಗುಳಿಗೆ ಮೂರೂ ಸೇರಿದರೆ ಕಿಡ್ನಿಗೆ ಅಪಾಯ.

ಒಂದು ಕೈಚೀಲದಲ್ಲಿ ಮನೆಯ ಎಲ್ಲ ಔಷಧ ತುಂಬಿ. ಚೂರ್ಣ, ಕಷಾಯ, ಅಂಗಡಿಯಲ್ಲಿ ಕೇಳಿ ತಂದ ನೆಗಡಿ ಗುಳಿಗೆ, ಎಲ್ಲವೂ. ಚೀಟಿ ಸಾಲದು. ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ನಾಲ್ಕೇ ಗುಳಿಗೆ ಕೊಟ್ಟಾಗ ಹೆಸರಿರುವ ತುದಿಯೇ ಹೋಗಿರುತ್ತದೆ, ಅಲ್ವಾ? ಅಂಥವನ್ನೂ ಹಾಕಿ. ಕಂಪನಿ ಹೆಸರು ಬೇರೆ, ಒಳಗಿನ ಔಷಧ ಒಂದೇ ಆಗಿ, ದಿನಕ್ಕೆ ಎರಡು ಸಲ ನುಂಗುವವರಿದ್ದಾರೆ. ಚೀಲವನ್ನು ಒಬ್ಬರೇ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಒಂದೊಂದನ್ನೂ ತೋರಿಸಿ, ಇದು ಯಾತಕ್ಕೆ, ಇನ್ನೂ ಬೇಕೇ ಅಂತ ಕೇಳಿ. ಕಿಡ್ನಿ, ಸೋಡಿಯಂ, ಪೊಟ್ಯಾಶಿಯಂ ಪರೀಕ್ಷೆಯನ್ನೂ ಕೇಳಿ.

ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಬಿಪಿ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್, ನಿದ್ದೆಗೆ ಕೊಡುವ ಅಲ್ಪ್ರಜೋಲಮ್ ಥರದವನ್ನು ಒಮ್ಮೆಲೇ ಬಿಟ್ಟರೆ ಅಪಾಯ.

ಮನೆಯಲ್ಲಿ ಬಿಪಿ ಯಂತ್ರ ಇದ್ದರೆ ಅಪ್ಪ ಐದು ನಿಮಿಷ ಮಲಗಿದ ಮೇಲೆ ಒಮ್ಮೆ ನೋಡಿ. ನಿಂತು 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ ನೋಡಿ, ಪಕ್ಕದಲ್ಲಿ ಹಿಡಿದು ನಿಂತುಕೊಂಡೇ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಅದನ್ನು ಬರೆದು ಅದೇ ಚೀಲದಲ್ಲಿಡಿ.