ಸಂಪಾದಕರ ಉತ್ತರ: ಹೊಸಾದು ಕಟ್ಟೂಕಿಂತ ಮೊದಲು ಹಳೇ ಸಾಲಿಗೊಮ್ಮೆ ಹೋಗಿ ಬರ್ರಿ

ಬೀಳಗಿ ತಾಲೂಕಿನ ಓದುಗರೊಬ್ರು ಬರದಾರ: ‘ನಮ್ಮ ದೊಡ್ಡಪ್ಪನ ಮಗ ಅಮೆರಿಕಾದಾಗ ಅದಾನ. ಊರಾಗ ನಾಕ್ ಎಕರೆ ತಗೊಂಡು ಇಂಗ್ಲಿಷ್ ಮೀಡಿಯಂ ಸಾಲಿ ಕಟ್ಟಸಾಕತ್ತಾನ. ಅವನೂ ಊರಿನ ಕನ್ನಡ ಸಾಲ್ಯಾಗ ಕಲಿತಾವನೇ. ಹೊರದೇಶಕ್ಕ ಹೋದೋರು ಊರು ಮರತ್ರು ಅಂತ ಬರೀತೀರಿ, ಇಂಥವ್ರ ಬಗ್ಗೆ ಯಾಕ ಬರಿಯೂದಿಲ್ಲ?’

ಬರೀತೀನ್ರಿ. ನಿಮ್ಮ ಅಣ್ಣಾವ್ರ ಮನಸ್ಸು ದೊಡ್ಡದು, ಅದರಾಗ ಎರಡು ಮಾತಿಲ್ಲ. ಆದ್ರ ಅವರು ಕಲಿತ ಆ ಕನ್ನಡ ಸಾಲಿ ಈಗ ಹೆಂಗೈತಿ ಅಂತ ನಿಮ್ಮ ಪತ್ರದಾಗ ಒಂದು ಸಾಲೂ ಇಲ್ಲ.

ಹೊಸ ಸಾಲಿ ಬಂತಂದ್ರ ಏನಾಗ್ತೈತಿ ನೋಡ್ರಿ. ಹಳದಿ ಬಸ್ ಬರ್ತೈತಿ, ಟೈ ಬರ್ತೈತಿ, ಫೀ ಕಟ್ಟೋ ತಾಕತ್ತಿದ್ದ ಮನಿಯವರೆಲ್ಲ ಮಕ್ಕಳನ್ನ ಆ ಕಡೆ ಹಾಕ್ತಾರ, ಸರ್ಕಾರಿ ಸಾಲ್ಯಾಗ ಹಾಜರಾತಿ ಇಳೀತೈತಿ, ಮಕ್ಕಳು ಕಮ್ಮಿ ಅಂತ ಇದ್ದ ಮಾಸ್ತರರನ್ನೂ ‘ಹೆಚ್ಚುವರಿ’ ಅಂತ ಬ್ಯಾರೆ ಊರಿಗೆ ಕಳಸ್ತಾರ. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಒಳಗ ಬಡವರ ಮಕ್ಕಳಿಗೆ ಖಾಸಗಿ ಸಾಲ್ಯಾಗ ಶೇಕಡಾ 25 ಸೀಟು ಐತಲ್ಲ ಅಂತೀರೇನು? 2019ರಾಗ ನಮ್ಮ ರಾಜ್ಯ ನಿಯಮ ತಿದ್ದಿ, ಹತ್ರದಾಗ ಸರ್ಕಾರಿ ಸಾಲಿ ಇದ್ರ ಖಾಸಗಿ ಸಾಲ್ಯಾಗ ಆ ಸೀಟು ಇಲ್ಲ ಅಂದುಬಿಡ್ತು.

ಹಂಗಾದ್ರ ಉಳಿಯೋರು ಯಾರು? ಕಬ್ಬು ಕಡಿಯಾಕ, ಗೋವಾದಾಗ ಗೌಂಡಿ ಕೆಲಸಕ್ಕ ಗುಳೆ ಹೋಗೋರ ಮಕ್ಕಳು. ಊರು ಬಿಟ್ಟು ಹೋಗೋರು ಅಂದ್ರ ನಮಗ ವಿಮಾನ ಹತ್ತೋರಷ್ಟೇ ಕಾಣ್ತಾರ, ಇವರು ಕಾಣಂಗಿಲ್ಲ. ಇಂಡಿ ಕಡೆ ಒಂದು ಸಾಲಿಗೆ ಹೋಗಿದ್ದೆ. ಹೆಣ್ಣುಮಕ್ಕಳ ಶೌಚಾಲಯ ಹೊಸಾದು, ಟೈಲ್ಸ್ ಹಾಕ್ಯಾರ, ಯಾರೋ ಕೊಡಿಸಿದ್ದು ಅಂತ ಹೊರಗ ಕಲ್ಲೂ ಕೂರಿಸ್ಯಾರ. ಬಾಗಲಕ್ಕ ಕೀಲಿ. ಯಾಕ್ರಿ ಅಂದ್ರ ಹೆಡ್‌ಮಾಸ್ತರು, ‘ನೀರಿಲ್ರೀ ಸರ, ತೊಳಿಯೋರಿಗೆ ಪಗಾರ ಕೊಡೋರೂ ಇಲ್ಲ’ ಅಂದ್ರು. ಏಳನೇತ್ತೆ ಹುಡುಗ್ಯಾರು ಮಧ್ಯಾಹ್ನ ಮನಿಗೆ ಹೋದ್ರ ತಿರುಗಿ ಬರಂಗಿಲ್ಲಂತ. ಕಲ್ಲು ಕೂರಸಾಕ ಎಲ್ಲಾರಿಗೂ ಹುರುಪು, ವರ್ಷಾ ವರ್ಷ ಪಗಾರ ಕೊಡಾಕ ಯಾರೂ ಇಲ್ಲ. ಈ ಚಟ ನಮ್ಮ ಶಾಸಕರಿಗೂ ಐತಿ, ಮಠಗಳಿಗೂ ಐತಿ, ಭೂಮಿಪೂಜೆ ಫೋಟೋ ಛಾಪಿಸೋ ನಮ್ಮಂಥ ಪತ್ರಿಕೆಗಳಿಗೂ ಐತಿ.

ಹಂಗಾದ್ರ ಹಿರಿಯರು ಶಿಕ್ಷಣ ಸಂಸ್ಥೆ ಕಟ್ಟಲಿಲ್ಲೇನು ಅಂತ ಕೇಳಬಹುದು. ಕಟ್ಟಿದ್ರು. 1910ರಾಗ ವಿಜಯಪುರದಾಗ ಫ.ಗು. ಹಳಕಟ್ಟಿಯವರು ಬಿಎಲ್‌ಡಿಇ ಹುಟ್ಟುಹಾಕಿದ್ರು, 1916ರಾಗ ಬೆಳಗಾವಿಯೊಳಗ ಸಪ್ತರ್ಷಿಗಳು ಅಂತ ಹೆಸರಾದ ಏಳು ಮಂದಿ ಕೆಎಲ್‌ಇ ಕಟ್ಟಿದ್ರು, ಸಿರಸಂಗಿ ಲಿಂಗರಾಜರಂತೂ ತಮ್ಮ ಆಸ್ತಿನೇ ಮಕ್ಕಳ ಓದಿಗೆ ಬರದಿಟ್ರು. ಆದ್ರ ಅವಾಗ ಈ ಭಾಗದಾಗ ಕನ್ನಡದ ಮಕ್ಕಳಿಗೆ ಕಲಿಯಾಕ ಜಾಗಾನೇ ಕಮ್ಮಿ ಇತ್ತು. ಇಲ್ಲದ್ದನ್ನ ಕಟ್ಟಿದ್ರು ಅವರು. ನಿಮ್ಮ ಊರಾಗ ಸಾಲಿ ಐತಿ.

ನಿಮ್ಮ ಅಣ್ಣಾವ್ರು ಆ ಸಾಲಿಗೆ ಒಬ್ಬ ಇಂಗ್ಲಿಷ್ ಟೀಚರ್, ಒಬ್ಬ ಗಣಿತದ ಟೀಚರ್ ಇಡಲಿ, ಅವರ ಪಗಾರಕ್ಕ ಬ್ಯಾಂಕಿನಾಗ ಠೇವಣಿ ಮಾಡಲಿ, ಸಾಲಿ ನೋಡಿಕೊಳ್ಳೋ ಪಾಲಕರ ಸಮಿತಿ (ಎಸ್‌ಡಿಎಂಸಿ) ಯವ್ರನ್ನ ಕೂಡಿಸಿ ಮಾತಾಡಲಿ. ಗುಳೆ ಹೋಗೋರ ಮಕ್ಕಳು ಅಜ್ಜಿ ಹಂತ್ಯಾಕ ಉಳಿದು ಓದೂಹಂಗ ರಾತ್ರಿ ಊಟದ ವ್ಯವಸ್ಥಾ ಮಾಡಿದ್ರ ಇನ್ನೂ ಚಲೋ. ಒಂದು ಮಾತು ನೆನಪಿರಲಿ, ಅವರದ್ದು ಭಾರತದ ಪಾಸ್‌ಪೋರ್ಟ್ ಇದ್ರ ಸ್ವಂತ ಉಳಿತಾಯ ಬ್ಯಾಂಕ್ ಮೂಲಕ ಕಳಿಸಿದ್ರ ತೊಂದ್ರಿಲ್ಲ. ಅಮೆರಿಕದ ಪೌರತ್ವ ತಗೊಂಡಿದ್ರ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ ಓಸಿಐ ಕಾರ್ಡ್ ಇದ್ರೂ, ಅದು ವಿದೇಶಿ ದೇಣಿಗೆ ಆಗ್ತೈತಿ, ತಗೊಳ್ಳೋ ಟ್ರಸ್ಟಿಗೆ ವಿದೇಶಿ ದೇಣಿಗೆ ಕಾಯ್ದೆ (ಎಫ್‌ಸಿಆರ್‌ಎ) ಪ್ರಕಾರ ಪರವಾನಗಿ ಬೇಕು. ಮೊದಲೇ ಒಬ್ಬ ಲೆಕ್ಕಪರಿಶೋಧಕರನ್ನ (ಸಿಎ) ಕೇಳ್ರಿ.

ಅವರು ಊರಿಗೆ ಬಂದಾಗ ಐತವಾರ ಬ್ಯಾಡ, ಸಾಲಿ ನಡಿಯೋ ದಿನ ಕರಕೊಂಡು ಹೋಗ್ರಿ. ಕಬ್ಬಿನ ಸೀಜನ್ನಿನ ಹಾಜರಿ ಪುಸ್ತಕ ತೋರಸ್ರಿ ಅಂತ ಹೆಡ್‌ಮಾಸ್ತರಿಗೆ ಕೇಳ್ರಿ. ಮೊದಲೇ ತಿಳಿಸಿದ್ರ ನಾನೂ ಬರ್ತೀನಿ.